ಶಾಲೆ ನೋಡಿ ಮನೆ ಹಿಡಿಯುವುದಾದರೆ: ಮಂಗಳೂರಿನ ಏರಿಯಾಗಳ ಒಂದು ವಿಮರ್ಶೆ

ಮಂಗಳೂರಿನಲ್ಲಿ ಬಾಡಿಗೆ ಮನೆ ತೋರಿಸುವ ಬ್ರೋಕರ್ ಬಾಯಲ್ಲಿ ಗ್ಯಾರಂಟಿ ಬರುವ ಒಂದು ಮಾತಿದೆ: "ಕಾನ್ವೆಂಟ್ ಇಲ್ಲೇ ಸರ್, ನಡೆದರೆ ಐದೇ ನಿಮಿಷ." ಆ ಐದು ನಿಮಿಷದ ಬೆಲೆ ಬಾಡಿಗೆಯಲ್ಲಿ ಮೊದಲೇ ಸೇರಿಕೊಂಡಿರುತ್ತದೆ. ಆದರೆ ಆ ಕಾನ್ವೆಂಟಿನಲ್ಲಿ ನಿಮ್ಮ ಮಗುವಿಗೆ ಸೀಟು ಸಿಗುತ್ತದೆ ಎಂದು ಬ್ರೋಕರ್ ಹೇಳುವುದಿಲ್ಲ, ಓನರ್ ಹೇಳುವುದಿಲ್ಲ, ಕಾನೂನೂ ಹೇಳುವುದಿಲ್ಲ.

ಕಾನೂನಿನ ವಿಷಯ ಮೊದಲು ಮುಗಿಸಿಬಿಡೋಣ, ಇಲ್ಲಿ ಎಡವುವವರೇ ಜಾಸ್ತಿ. 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ನಿಯಮಗಳ ಲೆಕ್ಕದಲ್ಲಿ ನೆರೆಹೊರೆ ಎಂದರೆ ಒಂದರಿಂದ ಐದನೇ ತರಗತಿಗೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಈ ಅಳತೆಯೊಳಗಿನ ಸರ್ಕಾರಿ ಶಾಲೆ ನಿಮ್ಮ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಜನನ ಪ್ರಮಾಣಪತ್ರ ಇಲ್ಲ, ಹಳೆ ಶಾಲೆಯ ಟಿ.ಸಿ. ಬಂದಿಲ್ಲ ಎಂಬ ಕಾರಣಕ್ಕೂ ಕಳಿಸುವ ಹಾಗಿಲ್ಲ. ಬಡ, ಹಿಂದುಳಿದ ಮಕ್ಕಳಿಗೆಂದು ಖಾಸಗಿ ಶಾಲೆಯಲ್ಲಿ ಮೀಸಲಿಡುವ ಶೇ. 25 ಸೀಟಿನ ಕಥೆ ಬೇರೆ. ಕೆಥೊಲಿಕ್ ಶಾಲೆಗಳು ಅಲ್ಪಸಂಖ್ಯಾತ ಸಂಸ್ಥೆಗಳು. ಅನುದಾನಿತವಿರಲಿ, ಅನುದಾನರಹಿತವಿರಲಿ, ಅವಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಉಳಿದ ಖಾಸಗಿ ಶಾಲೆಗಳಲ್ಲೂ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆರ್‌ಟಿಇ ಸೀಟು ಇಲ್ಲ ಎಂದು ಕರ್ನಾಟಕ 2019–20ರ ಸಾಲಿನಿಂದ ನಿಯಮ ಬದಲಿಸಿತು. ಅಂದರೆ ಕಾನ್ವೆಂಟಿನ ಗೋಡೆಗೆ ಗೋಡೆ ತಾಗಿಸಿ ಮನೆ ಮಾಡಿದರೂ ಹಕ್ಕಿನಿಂದ ಸಿಗುವುದು ಪಕ್ಕದ ರಸ್ತೆಯ ಸರ್ಕಾರಿ ಶಾಲೆ ಮಾತ್ರ. ಹಾಗಾಗಿ ಏರಿಯಾ ನೋಡುವಾಗ ಎರಡನ್ನೂ ಒಟ್ಟಿಗೆ ನೋಡಬೇಕು: ಆಸೆಯ ಶಾಲೆ ಒಂದು, ಅದು ಕೈಕೊಟ್ಟರೆ ಕೈಹಿಡಿಯುವ ಶಾಲೆ ಇನ್ನೊಂದು.

ಇದರಿಂದ ಕ್ರಮವೂ ತಾನಾಗಿ ಬರುತ್ತದೆ. ಮೊದಲು ಅಡ್ಮಿಶನ್ನಿನ ರಶೀದಿ ಕೈಗೆ ಬರಲಿ, ಆಮೇಲೆ ಮನೆಯ ಅಡ್ವಾನ್ಸ್. ಊರಿನ ಬಹುಪಾಲು ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಏಪ್ರಿಲ್‌ನಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಕೊಂಡು, ಮೇ ತಿಂಗಳಲ್ಲಿ ಶಾಲೆಯ ಆಫೀಸಿಗೆ ಹೋದರೆ ಎಲ್‌ಕೆಜಿ ಪಟ್ಟಿ ಅಂಟಿಸಿ ತಿಂಗಳುಗಳೇ ಕಳೆದಿರುತ್ತವೆ. ಬೇಡಿಕೆಯ ಶಾಲೆಗಳು ಎಲ್‌ಕೆಜಿ ಅರ್ಜಿಯನ್ನು ವರ್ಷ ತಿರುಗುವ ಮೊದಲೇ ಕೊಡಲು ಶುರು ಮಾಡುತ್ತವೆ. ಆಮೇಲೆ ಸೀಟು ಖಾಲಿಯಾಗುವುದು ಯಾರಾದರೂ ಗಲ್ಫಿಗೋ ಬೆಂಗಳೂರಿಗೋ ಹೋದರೆ. ಹೊರಗಿನಿಂದ ಬರುವವರಿಗೆ ಒಂದನೇ ತರಗತಿಗಿಂತ ಎಂಟನೇ ತರಗತಿಯ ಬಾಗಿಲು ಸ್ವಲ್ಪ ಅಗಲ. ಏಳನೇವರೆಗೆ ಮಾತ್ರ ಇರುವ ಶಾಲೆಗಳ ಮಕ್ಕಳನ್ನು ಪ್ರೌಢಶಾಲೆಗಳು ಆ ಹಂತದಲ್ಲಿ ಸೇರಿಸಿಕೊಳ್ಳಲೇಬೇಕಾಗುತ್ತದೆ.

ವಯಸ್ಸಿನ ಲೆಕ್ಕವನ್ನೂ ಮನೆ ಹುಡುಕುವ ಮೊದಲೇ ಮಾಡಿಡಿ. 2022ರ ಸರ್ಕಾರಿ ಆದೇಶದ ಪ್ರಕಾರ ಜೂನ್ 1ಕ್ಕೆ ಆರು ವರ್ಷ ತುಂಬಿದ ಮಗುವಿಗೆ ಒಂದನೇ ತರಗತಿ. 2025–26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರು. ಜುಲೈಯಲ್ಲಿ ಹುಟ್ಟಿದ ಮಗುವಿಗೆ ಈ ನಿಯಮದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕಾಯುವ ಕೆಲಸ. ಆ ವರ್ಷ ಬಾಲವಾಡಿ ಎಲ್ಲಿ ಎಂಬುದು ಮನೆಯ ಆಯ್ಕೆಯನ್ನೇ ಬದಲಿಸಬಹುದು.

ಇನ್ನು ಶಾಲೆಯ ಜಾತಕ. ಮಂಗಳೂರಿನ ಹಳೆ ಕೆಥೊಲಿಕ್ ಕಂಪೌಂಡುಗಳಲ್ಲಿ ಗೇಟು ಒಂದೇ, ಒಳಗೆ ಮೂರು ನಾಲ್ಕು ಶಾಲೆ. ಕನ್ನಡ ಮಾಧ್ಯಮದ ಅನುದಾನಿತ ಶಾಲೆ ಒಂದು ಕಟ್ಟಡದಲ್ಲಿ, ಇಂಗ್ಲಿಷ್ ಮಾಧ್ಯಮದ ಅನುದಾನರಹಿತ ಶಾಲೆ ಇನ್ನೊಂದರಲ್ಲಿ. ಕೆಲವು ಸಂಸ್ಥೆಗಳು ಪಕ್ಕದಲ್ಲೇ ಸಿಬಿಎಸ್‌ಇ ಶಾಲೆಯನ್ನೂ ಪ್ರತ್ಯೇಕವಾಗಿ ಕಟ್ಟಿವೆ. ಹೆಸರಿನ ಮುಂದೆ ಒಬ್ಬರೇ ಸಂತರು, ಫೀಸು ಮಾತ್ರ ಅಜಗಜಾಂತರ. ಅನುದಾನಿತ ವಿಭಾಗದಲ್ಲಿ ಮಂಜೂರಾದ ಹುದ್ದೆಯ ಸಂಬಳ ಸರ್ಕಾರದ್ದು, ಮಕ್ಕಳಿಗೆ ಬಿಸಿಯೂಟವೂ ಉಂಟು. ಅನುದಾನರಹಿತದಲ್ಲಿ ಎಲ್ಲವೂ ಪೋಷಕರ ಜೇಬಿನಿಂದ. ಆದ್ದರಿಂದ ಆಫೀಸಿನಲ್ಲಿ "ಫೀಸೆಷ್ಟು" ಎಂದು ಶುರು ಮಾಡಬೇಡಿ. ಯಾವ ತರಗತಿಯಿಂದ ಯಾವ ತರಗತಿವರೆಗೆ ಮಾನ್ಯತೆ, ಯಾವ ಮಾಧ್ಯಮ, ಅನುದಾನ ಉಂಟಾ, ಯಾವ ಬೋರ್ಡ್, ಏಳನೇ ಆದ ಮೇಲೆ ಇದೇ ಕಂಪೌಂಡಿನ ಪ್ರೌಢಶಾಲೆಗೆ ನೇರವಾಗಿ ಹೋಗುತ್ತಾರಾ, ಇಲ್ಲ ಮತ್ತೆ ಅರ್ಜಿ ಹಾಕಬೇಕಾ? ಕೊನೆಯ ಪ್ರಶ್ನೆ ಕೇಳದೆ ಬಿಟ್ಟವರು ಎಂಟನೇ ತರಗತಿಗೆ ಮತ್ತೊಮ್ಮೆ ಮನೆ ಹುಡುಕುತ್ತಾರೆ.

ಫೀಸು ಕೇಳುವಾಗಲೂ ಒಟ್ಟು ಮೊತ್ತ ಬೇಡ, ಬಿಡಿಸಿ ಕೇಳಿ. ಸೇರುವಾಗ ಒಮ್ಮೆ ಕಟ್ಟುವುದೆಷ್ಟು, ಪ್ರತಿ ವರ್ಷದ್ದೆಷ್ಟು, ಪುಸ್ತಕ, ಯೂನಿಫಾರ್ಮ್, ಶಾಲೆಯ ಬಸ್ಸು ಇದರೊಳಗೇ ಇದೆಯಾ ಹೊರಗಾ. ರಶೀದಿ ಕೊಡದ ಹಣವನ್ನು ಲೆಕ್ಕಕ್ಕೆ ಸೇರಿಸದೆ ಇದ್ದರೆ ಬಜೆಟ್ಟು ಜೂನ್ ತಿಂಗಳಲ್ಲೇ ಮಗುಚುತ್ತದೆ.

"ಸಿಬಿಎಸ್‌ಇ ಸಿಲೆಬಸ್" ಎಂದು ಬೋರ್ಡು ಹಾಕಿಕೊಂಡಿರುವುದಕ್ಕೂ ಸಿಬಿಎಸ್‌ಇ ಸಂಯೋಜನೆ ಇರುವುದಕ್ಕೂ ವ್ಯತ್ಯಾಸ ಇದೆ. ಸಂಯೋಜನೆ (ಅಫಿಲಿಯೇಶನ್) ಸಂಖ್ಯೆ ಕೇಳಿ, ಮಂಡಳಿಯ ಜಾಲತಾಣದಲ್ಲಿ ಹುಡುಕಿ. ರಾಜ್ಯದ ಶಾಲೆಯಾದರೆ ಯುಡೈಸ್ ಕೋಡ್, ಅಂದರೆ ಶಾಲೆಯ ಸರ್ಕಾರಿ ಗುರುತಿನ ಸಂಖ್ಯೆ ಕೇಳಿ. ಹನ್ನೊಂದು ಅಂಕಿ ಇರುತ್ತದೆ, ಕರ್ನಾಟಕದ್ದು 29ರಿಂದ ಶುರು. ಅದನ್ನು ಯುಡೈಸ್ ಜಾಲತಾಣದಲ್ಲಿ ಹಾಕಿ ನೋಡಿದರೆ ತರಗತಿ, ಮಾಧ್ಯಮ, ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ ಎಲ್ಲ ಕಾಣುತ್ತದೆ. ಅನುಮಾನ ಉಳಿದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಇದೆ. ನಗರದ ಶಾಲೆಗಳು ಮಂಗಳೂರು ಉತ್ತರ, ಮಂಗಳೂರು ದಕ್ಷಿಣ ಎಂದು ಎರಡು ವಲಯಗಳಲ್ಲಿ ಹಂಚಿಹೋಗಿವೆ, ನಿಮ್ಮ ಶಾಲೆ ಯಾವುದಕ್ಕೆ ಸೇರಿದ್ದು ಎಂದು ಮೊದಲು ಕೇಳಿಕೊಂಡು ಹೋಗಿ.

ಶಾಲೆಯ ಗೇಟಿನ ಫ್ಲೆಕ್ಸಿನಲ್ಲಿ ಕಾಣುವ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ನಾವು ಹೆಚ್ಚು ಅಂಕ ಕೊಡುವುದಿಲ್ಲ. ರಾಜ್ಯದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಜಿಲ್ಲೆಗೆ ಜಿಲ್ಲೆಯೇ ಹತ್ತರಲ್ಲಿ ಒಂಬತ್ತು ಮಕ್ಕಳನ್ನು ಪಾಸು ಮಾಡಿಸುವಾಗ ಶೇ. 100ರ ಫ್ಲೆಕ್ಸು ಶಾಲೆ ಶಾಲೆಯ ನಡುವಿನ ವ್ಯತ್ಯಾಸ ತೋರಿಸುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರ ಪರೀಕ್ಷೆಗೆ ಎಷ್ಟು ಜನ ಕೂತರು ಎಂದು ಕೇಳಿದರೆ ಉತ್ತರದಲ್ಲಿ ಏನಾದರೂ ಸಿಕ್ಕೀತು.

ಕೆಥೊಲಿಕ್ ಕುಟುಂಬಗಳಿಗೆ ಇನ್ನೊಂದು ಸಂಗತಿ. ಕೆಲವು ಶಾಲೆಗಳು ಅರ್ಜಿಯ ಜೊತೆ ಇಗರ್ಜಿಯ (ಚರ್ಚಿನ) ಪತ್ರ ಕೇಳುತ್ತವೆ. ಆ ಪತ್ರ ಕೊಡುವುದು ನೀವು ಈಗ ಯಾವ ಇಗರ್ಜಿಯ ಪುಸ್ತಕದಲ್ಲಿದ್ದೀರೋ ಆ ವಿಗಾರ್ ಫಾದರ್. ಬೆಂದೂರಿಗೆ ಮನೆ ಬದಲಿಸಿದ ಮಾತ್ರಕ್ಕೆ ಬೆಂದೂರು ಇಗರ್ಜಿಯವರಾಗುವುದಿಲ್ಲ. ಹಳೆ ಇಗರ್ಜಿಯಿಂದ ಪತ್ರ ತಂದು, ಹೊಸ ಇಗರ್ಜಿಯಲ್ಲಿ ಕುಟುಂಬದ ಹೆಸರು ಬರೆಸಿ, ನಿಮ್ಮ ವಾಡೊದ (ಇಗರ್ಜಿಯ ವಾರ್ಡಿನ) ಮುಖಂಡರಾದ ಗುರ್ಕಾರರಿಗೆ ಪರಿಚಯವಾಗಿ, ಮಗು ಭಾನುವಾರದ ದೊತೊರ್ನಿಗೆ (ಧರ್ಮಪಾಠಕ್ಕೆ) ಹೋಗಲು ಶುರು ಮಾಡಿದ ಮೇಲೆ ಆ ಪತ್ರಕ್ಕೆ ತೂಕ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬೇರೆ ಧರ್ಮದವರಿಗೆ ಈ ಪತ್ರದ ರಗಳೆ ಇಲ್ಲ. ಧಾರ್ಮಿಕ ಬೋಧನೆಯ ಬಗ್ಗೆ ಅಳುಕಿದ್ದರೆ, ಮಾನ್ಯತೆ ಪಡೆದ ಯಾವ ಶಾಲೆಯೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಅದರಲ್ಲಿ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ. ಆ ಪಿರಿಯಡ್ಡಿನಲ್ಲಿ ಉಳಿದ ಮಕ್ಕಳಿಗೆ ಏನು ಪಾಠ ಎಂದು ಕೇಳಲು ಸಂಕೋಚ ಬೇಡ.

ಈಗ ಏರಿಯಾಗಳು. ನಮ್ಮ ಮೊದಲ ಆಯ್ಕೆ ಬೆಂದೂರು, ಕಂಕನಾಡಿ, ವೆಲೆನ್ಸಿಯಾದ ಸಾಲು. ಅಪೊಸ್ತೋಲಿಕ್ ಕಾರ್ಮೆಲ್ ಸಿಸ್ಟರ್‌ಗಳ ಸಂತ ಆಗ್ನೆಸ್, ಬೆಥನಿ ಸಿಸ್ಟರ್‌ಗಳ ಸಂತ ತೆರೆಸಾ, ಕಂಕನಾಡಿ ಕಡೆಗೆ ಕಪಿತಾನಿಯೊ, ಎಲ್ಲವೂ ಒಂದೇ ಗುಡ್ಡೆಯ ಆಚೆ ಈಚೆ. ಸಂತ ತೆರೆಸಾ ಐಸಿಎಸ್‌ಇ ಶಾಲೆ. ಸಂತ ಆಗ್ನೆಸ್‌ನಲ್ಲಿ ಕಾಲೇಜು 1921ರಷ್ಟು ಹಳೆಯದು, ಬೆಥನಿ ಸಭೆ ಹುಟ್ಟಿದ್ದೂ ಅದೇ ವರ್ಷ ಅದೇ ಬೆಂದೂರಿನಲ್ಲಿ. ಒಂದು ಕಡೆ ಸೀಟು ಇಲ್ಲ ಎಂದರೂ ಮನೆ ಬದಲಿಸದೆ ಇನ್ನೊಂದು ಕಡೆ ಅರ್ಜಿ ಹಾಕಬಹುದು ಎಂಬುದೇ ಈ ಏರಿಯಾದ ದೊಡ್ಡ ಗುಣ. ಫಾದರ್ ಮುಲ್ಲರ್ಸ್ ಆಸ್ಪತ್ರೆ ಪಕ್ಕದಲ್ಲಿರುವುದು ಸಣ್ಣ ಮಕ್ಕಳಿರುವ ಮನೆಗೆ ಇನ್ನೊಂದು ಧೈರ್ಯ. ಆಗದ ಮಾತು ಎಂದರೆ ಬಾಡಿಗೆ. ಅದರ ಜೊತೆಗೆ ಒಂದು ಸಿಕ್ಕು: ಮನೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಇದ್ದರೆ ಇಬ್ಬರಿಗೂ ಒಂದೇ ಶಾಲೆ ಸಿಗುತ್ತದೆಯೇ ನೋಡಿ. ಸಿಸ್ಟರ್‌ಗಳು ನಡೆಸುವ ಹಳೆ ಪ್ರೌಢಶಾಲೆಗಳು ಹೆಣ್ಣುಮಕ್ಕಳಿಗೆಂದೇ ಶುರುವಾದವು. ತಂಗಿಗೆ ಸೀಟು ಸಿಕ್ಕಿ ಅಣ್ಣನನ್ನು ಹಂಪನಕಟ್ಟೆಗೆ ಬಿಡಬೇಕಾದರೆ ನಡೆದು ಹೋಗುವ ಲಾಭ ಅರ್ಧಕ್ಕೆ ಇಳಿಯಿತು.

ಹಂಪನಕಟ್ಟೆ, ಕೊಡಿಯಾಲಬೈಲು ಶಾಲೆಗಳ ಲೆಕ್ಕದಲ್ಲಿ ಎಲ್ಲರಿಗಿಂತ ಶ್ರೀಮಂತ. 1880ರಲ್ಲಿ ಜೆಸ್ವಿಟರು ಶುರು ಮಾಡಿದ ಸಂತ ಅಲೋಶಿಯಸ್, ಅವರದ್ದೇ ಗೊನ್ಜಾಗ, ಇತ್ತ ಮಿಲಾಗ್ರಿಸ್. ಕೆಥೊಲಿಕ್ ಅಲ್ಲದ ಕೆನರಾ, ಬೆಸೆಂಟ್ ಕೂಡ ಹತ್ತಿರ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋಗುವ ಯಾವ ಸಿಟಿ ಬಸ್ಸು ಹತ್ತಿದರೂ ಆಚೀಚೆ ಇಳಿಯಬಹುದು. ಅದಕ್ಕೇ ನಾವು ಹೇಳುವುದು: ಇಲ್ಲಿ ಓದಿಸಿ, ಇಲ್ಲಿ ಮನೆ ಮಾಡಬೇಡಿ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂಕಾಲು, ಸಂಜೆ ಮೂರೂವರೆಯಿಂದ ನಾಲ್ಕೂವರೆ ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಕಾರು ತೆವಳುತ್ತದೆ. ಫ್ಲ್ಯಾಟುಗಳಲ್ಲಿ ಮಕ್ಕಳಿಗೆ ಆಡಲು ಸ್ಟಿಲ್ಟ್ ಪಾರ್ಕಿಂಗೇ ಗತಿ. ನೇರ ಬಸ್ಸಿರುವ ಬಿಜೈ, ಕದ್ರಿ, ಜೆಪ್ಪು ಕಡೆ ಮನೆ ಮಾಡಿ ಆರನೇ ತರಗತಿಯಿಂದ ಮಗುವನ್ನು ಬಸ್ಸಿಗೆ ಹತ್ತಿಸುವುದು ಬುದ್ಧಿವಂತಿಕೆ.

ಬಿಜೈ, ಲೇಡಿಹಿಲ್, ಉರ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೇಡಿಹಿಲ್ ವಿಕ್ಟೋರಿಯಾ ಹೆಣ್ಣುಮಕ್ಕಳ ಶಾಲೆ, ಬಿಜೈಯ ಲೂರ್ಡ್ಸ್ ಸಿಬಿಎಸ್‌ಇ. ಮಾರ್ಕೆಟ್ಟು, ಕೆಎಸ್‌ಆರ್‌ಟಿಸಿ ಸ್ಟ್ಯಾಂಡು ಎಲ್ಲ ಹತ್ತಿರ. ಕೊಟ್ಟಾರ ಚೌಕಿಯ ತಗ್ಗಿನ ಕಡೆ ಮನೆ ತೋರಿಸಿದರೆ ಮಾತ್ರ ಜುಲೈಯಲ್ಲಿ ಮತ್ತೊಮ್ಮೆ ಬಂದು ನೋಡುತ್ತೇವೆ ಎನ್ನಿ. ಜೋರು ಮಳೆಗೆ ಅಲ್ಲಿ ರಸ್ತೆಯೇ ತೋಡು.

ಕಮ್ಮಿ ಬಜೆಟ್ಟಿಗೆ ನಮ್ಮ ಶಿಫಾರಸು ಜೆಪ್ಪು, ಪಾಂಡೇಶ್ವರ, ಬೋಳಾರ. ಹೊಸಬರು ಈ ಕಡೆ ತಲೆ ಹಾಕುವುದು ಕಮ್ಮಿ, ಅದೇ ಅನುಕೂಲ. ರೊಸಾರಿಯೊ ಕೆಥೆದ್ರಾಲ್ ಪಕ್ಕದ ಶಾಲೆ, ಸಂತ ಆ್ಯನ್ಸ್, ಜೆಪ್ಪುವಿನ ಕಾಸ್ಸಿಯಾ ಎಲ್ಲ ಹಳೆಯ ಸಂಸ್ಥೆಗಳು. ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಮಂಗಳೂರಿಗೆ ಬಂದು ನೆಲೆಯೂರಿದ್ದು ಸಂತ ಆ್ಯನ್ಸ್‌ನಲ್ಲಿ. ಹೆಂಚಿನ ಮನೆ, ಅಂಗಳ, ಬಾವಿ ಇರುವ ಬಾಡಿಗೆ ಮನೆ ಇನ್ನೂ ಸಿಗುವ ಜಾಗ ಇದು. ಗಮನಿಸಬೇಕಾದ್ದು ರೈಲು ಹಳಿ. ಮನೆ ಹಳಿಯ ಒಂದು ಕಡೆ, ಶಾಲೆ ಇನ್ನೊಂದು ಕಡೆ ಆದರೆ ಹತ್ತು ನಿಮಿಷದ ದಾರಿ ಎಷ್ಟಾಗುತ್ತದೆ ಎಂದು ಮೊದಲೇ ನಡೆದು ನೋಡಿ.

ನಂತೂರಿನಿಂದ ಆಚೆ, ಅಂದರೆ ಕುಲಶೇಖರ, ಶಕ್ತಿನಗರ, ಮೇರಿಹಿಲ್. ಮನೆಕಟ್ಟುವವರು, ಫ್ಲ್ಯಾಟು ಕೊಳ್ಳುವವರು ಈಗ ಈ ಕಡೆಯೇ ಹೋಗುತ್ತಿದ್ದಾರೆ. ನಂತೂರಿನಲ್ಲಿ ಪಾದುವಾ, ಕುಲಶೇಖರದಲ್ಲಿ ಸೇಕ್ರೆಡ್ ಹಾರ್ಟ್ಸ್, ಮೇರಿಹಿಲ್‌ನಲ್ಲಿ ಸಿಬಿಎಸ್‌ಇಯ ಮೌಂಟ್ ಕಾರ್ಮೆಲ್. ಶಕ್ತಿನಗರದ ನಾಲ್ಯಪದವಿನಲ್ಲಿ ಸರ್ಕಾರಿ ಶಾಲೆ, ಮುಂದಕ್ಕೆ ಪಿಯು ಕಾಲೇಜು. ಆಸೆಯ ಶಾಲೆ, ಆಸರೆಯ ಶಾಲೆ ಎರಡೂ ಕೈಗೆಟಕುವ ಏರಿಯಾ ಎಂದರೆ ಇದೇ. ಕುತ್ತಿಗೆಗೆ ಬರುವುದು ನಂತೂರು ಜಂಕ್ಷನ್. ರಾಷ್ಟ್ರೀಯ ಹೆದ್ದಾರಿ 66 ಮತ್ತು ಕಾರ್ಕಳದ 169 ಇಲ್ಲಿ ಅಡ್ಡ ಹಾಯುತ್ತವೆ, ಟ್ಯಾಂಕರು, ಟ್ರಕ್ಕು, ಸ್ಕೂಲ್ ಬಸ್ಸು ಎಲ್ಲ ಒಂದೇ ಕಡೆ. ಕುಲಶೇಖರದ ಮನೆಯವರು ಕುಲಶೇಖರದ ಶಾಲೆ ನೋಡಿಕೊಳ್ಳಿ. ದಿನಾ ಎರಡು ಸಲ ನಂತೂರು ದಾಟಿಸುವ ಯೋಜನೆ ಕಾಗದದಲ್ಲಿ ಚೆಂದ ಅಷ್ಟೇ. ಇದೇ ಮಾತು ತೊಕ್ಕೊಟ್ಟಿಗೂ ಸಲ್ಲುತ್ತದೆ. ಅಲ್ಲಿ ಪೆರ್ಮನ್ನೂರಿನ ಸಂತ ಸೆಬಾಸ್ತಿಯನ್ ಇರುವಾಗ ನೇತ್ರಾವತಿ ಸೇತುವೆ ದಾಟಿಸಿ ಸಣ್ಣ ಮಗುವನ್ನು ಪೇಟೆಗೆ ಕಳಿಸಬೇಕಾಗಿಲ್ಲ.

ಸರ್ಕಾರಿ ಶಾಲೆಯನ್ನು ನೋಡುವ ಕಣ್ಣು ಬೇರೆ ಬೇಕು. ಹೊಸ ಬಣ್ಣ, ಸ್ಮಾರ್ಟ್ ಕ್ಲಾಸು ನೋಡಬೇಡಿ, ಹಾಜರಿ ಪುಸ್ತಕ ನೋಡಿ. ಒಂದರಿಂದ ಐದನೇವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು ಎಂಬುದು ಕಾಯ್ದೆಯ ಲೆಕ್ಕ. ಐವತ್ತು ಮಕ್ಕಳಿರುವ ಶಾಲೆ ಎಷ್ಟೇ ಚೊಕ್ಕಟವಾಗಿದ್ದರೂ ಐದು ತರಗತಿಯನ್ನು ಇಬ್ಬರೇ ಹಂಚಿಕೊಳ್ಳಬೇಕು. ಒಬ್ಬರು ತರಬೇತಿಗೆ ಹೋದ ದಿನ ಒಬ್ಬರೇ. ಹಾಗಾಗಿ ನೂರು ದಾಟಿದ ಶಾಲೆ ಹುಡುಕಿ, ಅದರಲ್ಲಿ ಎಷ್ಟು ಜನ ಖಾಯಂ, ಎಷ್ಟು ಜನ ಅತಿಥಿ ಶಿಕ್ಷಕರು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕೂತಿದ್ದರೆ ಗಾಬರಿ ಬೇಡ, ಅದು ಕಾರ್ಡು, ಚಟುವಟಿಕೆಗಳಿಂದ ಕಲಿಸುವ ನಲಿಕಲಿ ಪದ್ಧತಿ. ಗೋಡೆಗೆ ತೂಗುಹಾಕಿದ ಕಾರ್ಡುಗಳ ಅಂಚು ಸವೆದಿದ್ದರೆ ಪಾಠ ನಡೆಯುತ್ತಿದೆ ಎಂದು ಅರ್ಥ. ಪ್ಲಾಸ್ಟಿಕ್ಕಿನೊಳಗೆ ಹೊಸದಾಗಿ ಹೊಳೆಯುತ್ತಿದ್ದರೆ ಮಾತ್ರ ಇನ್ನೊಂದು ಪ್ರಶ್ನೆ ಕೇಳಿ.

2019ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಬಂದಿದೆ. ಇಂಗ್ಲಿಷಿಗಾಗಿ ಮಾತ್ರ ಕಾನ್ವೆಂಟು ಎಂದುಕೊಂಡಿದ್ದವರು ಹತ್ತಿರದ ಶಾಲೆಯಲ್ಲಿ ಅದು ಇದೆಯೇ, ಈಗ ಎಷ್ಟನೇ ತರಗತಿಗೆ ತಲುಪಿದೆ ಎಂದು ವಿಚಾರಿಸಿ. ಪುಸ್ತಕ, ಸಮವಸ್ತ್ರ, ಶೂ, ಹಾಲು, ಊಟ ಉಚಿತ. ಮೊಟ್ಟೆ ಅಥವಾ ಬಾಳೆಹಣ್ಣು 2024ರಿಂದ ವಾರಕ್ಕೆ ಆರು ದಿನ, ಅದರಲ್ಲಿ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಮಧ್ಯಾಹ್ನದ ಬುತ್ತಿ ಕಟ್ಟುವ ರಗಳೆ ಇಲ್ಲ ಎನ್ನುವುದು ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಸಣ್ಣ ಸೌಕರ್ಯ ಅಲ್ಲ ಮಾರಾಯ್ರೆ.

ಎಲ್ಲ ಗೊತ್ತಾದ ಮೇಲೆ ಉಳಿಯುವುದು ದಾರಿ. ಮೊಬೈಲಿನ ನಕ್ಷೆ 700 ಮೀಟರ್ ಎಂದು ತೋರಿಸುತ್ತದೆ, ಅದರಲ್ಲಿ ಏರು ಕಾಣುವುದಿಲ್ಲ. ಮಂಗಳೂರು ಎಂದರೆ ಗುಡ್ಡೆ ಮತ್ತು ಬೈಲು. ಸೋಮವಾರ ಬೆಳಿಗ್ಗೆ 8.20ಕ್ಕೆ ಮನೆಯ ಗೇಟಿನಿಂದ ಹೊರಟು ನಡೆದು ನೋಡಿ, ಮಗುವನ್ನೂ ಕರೆದುಕೊಂಡು ಹೋಗಿ, ಬ್ಯಾಗೂ ಬೆನ್ನಿಗಿರಲಿ. 2019ರ ಸುತ್ತೋಲೆಯಂತೆ ಒಂದು-ಎರಡನೇ ತರಗತಿಯ ಬ್ಯಾಗು 2 ಕಿಲೋ ಮೀರಬಾರದು, ಆರರಿಂದ ಎಂಟಕ್ಕೆ 4 ಕಿಲೋ. ಅಷ್ಟೇ ತುಂಬಿಸಿ. ಚರಂಡಿಯ ಮೇಲೆ ಚಪ್ಪಡಿ ಎಲ್ಲೆಲ್ಲಿ ಹಾರಿಹೋಗಿದೆ ಎಂದು ಬೇಸಗೆಯಲ್ಲೇ ಎಣಿಸಿಟ್ಟುಕೊಳ್ಳಿ. ಜೂನ್‌ನಲ್ಲಿ ನೀರು ರಸ್ತೆಗೆ ಸಮವಾದ ಮೇಲೆ ಆ ಬಾಯಿಗಳು ಕಾಣುವುದಿಲ್ಲ. ಮುರಕಲ್ಲಿನ ಕಂಪೌಂಡಿಗೆ ಒತ್ತಿಕೊಂಡಿರುವ ಓಣಿಯಲ್ಲಿ ಪಾಚಿ ಕಟ್ಟುತ್ತದೆ, ನುಣುಪಾದ ಶೂ ಅಲ್ಲಿ ಜಾರುತ್ತದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತಮ್ಮನ ಕೈ ಹಿಡಿದ ಮಗುವಿಗೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲದ ದಾರಿ 300 ಮೀಟರ್ ಇದ್ದರೂ ದೂರವೇ.

ವ್ಯಾನಿಗೆ ಹಾಕುವುದಾದರೆ ಮೊದಲು ಹತ್ತಿಸಿಕೊಳ್ಳುವ ಮನೆ ನಿಮ್ಮದಾ, ಕೊನೆಯದ್ದಾ ಎಂದು ಕೇಳಿ. 3 ಕಿ.ಮೀ. ದೂರದ ಶಾಲೆಗೆ ಮೊದಲ ಮನೆಯ ಮಗು ಮುಕ್ಕಾಲು ಗಂಟೆ ವ್ಯಾನಿನಲ್ಲಿ ಸುತ್ತುತ್ತದೆ. ಮಳೆಯ ಮಧ್ಯೆ ಜಿಲ್ಲಾಧಿಕಾರಿಯವರ ರಜೆ ಘೋಷಣೆ ಬೆಳ್ಳಂಬೆಳಿಗ್ಗೆ ಬಂದ ದಿನ ವ್ಯಾನಿನವರು ಫೋನು ಮಾಡುತ್ತಾರೋ, ನೀವೇ ಮಾಡಬೇಕೋ, ಅದನ್ನೂ ಈಗಲೇ ಮಾತಾಡಿಕೊಳ್ಳಿ.

ವರ್ಷದ ಮಧ್ಯೆ ಮನೆ ಬದಲಿಸುವವರಿಗೆ ಕೊನೆಯ ಒಂದು ಕಾಗದದ ಕೆಲಸ. ಟಿ.ಸಿ. ಕೈಯಲ್ಲಿ ಬಂದರೆ ಸಾಲದು, ಹಳೆ ಶಾಲೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲೂ ಮಗುವಿನ ಹೆಸರನ್ನು ಬಿಟ್ಟುಕೊಡಬೇಕು. ಹಳೆ ಶಾಲೆಯ ಫೀಸು ಬಾಕಿ ಇದ್ದರೆ ಈ ಕೆಲಸ ಸುಮ್ಮನೆ ನಿಂತುಬಿಡುತ್ತದೆ. ಮಗುವಿನ ಸ್ಯಾಟ್ಸ್ ಸಂಖ್ಯೆ, ಜನನ ಪ್ರಮಾಣಪತ್ರ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಇವಿಷ್ಟನ್ನೂ ಒಂದು ಫೈಲಿನಲ್ಲಿ ಹಾಕಿಟ್ಟು, ಹೆಸರಿನ ಸ್ಪೆಲ್ಲಿಂಗ್ ನಾಲ್ಕರಲ್ಲೂ ಒಂದೇ ಇದೆಯೇ ಎಂದು ನೋಡಿ. ತಂದೆಯ ಇನಿಶಿಯಲ್ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ ಇದ್ದರೆ ಒಂದನೇ ತರಗತಿಯಲ್ಲೇ ಸರಿಮಾಡಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ಅದಕ್ಕೆ ಓಡಾಡುವುದು ಬೆಂಗಳೂರಿನ ತನಕ.